ವಿಳಾಸ ಮೊದಲೋ, ಕೆಲಸ ಮೊದಲೋ?

ತುರ್ತು ಶಿಬಿರ ಬಿಟ್ಟು ಹೊರಡುವ ನಿರಾಶ್ರಿತರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಗುರುತಿನ ಕಾಗದ, ಲಸಿಕೆ ಚೀಟಿ, ಮಕ್ಕಳ ಜನನ ಪತ್ರ ಎಲ್ಲ ಅದರಲ್ಲೇ. ಇಲ್ಲದಿರುವುದು ಎರಡು: ಬಾಡಿಗೆ ಕರಾರು, ಸಂಬಳದ ಚೀಟಿ. ಮನೆ ಮಾಲೀಕರು ಸಂಬಳದ ಚೀಟಿ ಕೇಳುತ್ತಾರೆ. ಕೆಲಸ ಕೊಡುವವರು ಬ್ಯಾಂಕ್ ಖಾತೆ ಕೇಳುತ್ತಾರೆ. ಬ್ಯಾಂಕಿನವರು ವಿಳಾಸ ಕೇಳುತ್ತಾರೆ. ಸುತ್ತಿ ಸುತ್ತಿ ಮತ್ತೆ ಮಾಲೀಕರ ಬಾಗಿಲಿಗೇ!

ನಾನು ಈ ಗಂಟನ್ನು ಮನೆಯ ಕಡೆಯಿಂದ ಬಿಚ್ಚುತ್ತೇನೆ. ‘ಮೊದಲು ದುಡಿಯಲಿ, ಮನೆ ಆಮೇಲೆ’ ಅನ್ನುವವರು ಶಿಬಿರದಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ನೆರವು ಸಂಸ್ಥೆಗಳು ಶಿಬಿರಗಳಿಗೆ ಅನುಸರಿಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಸಿಗಬೇಕು. ಒಂದು ಹಾಸಿಗೆ, ಒಂದು ಚೀಲ, ಅಷ್ಟೇ. ರಾತ್ರಿ ಪಾಳಿ ಸಿಕ್ಕಿದ್ದ ಒಬ್ಬರು ಹಗಲು ನಿದ್ದೆಗೆ ಜಾಗವಿಲ್ಲದೆ ಮೂರೇ ವಾರದಲ್ಲಿ ಕೆಲಸ ಬಿಟ್ಟರು. ಸೋಮಾರಿ ಅಂದರು ಜನ.

ಮಾಲೀಕರಿಗೆ ಮಾನವೀಯತೆಯ ಭಾಷಣ ಬೇಡ. ಬಾಡಿಗೆ ನಿಂತರೆ ಯಾರನ್ನು ಕೇಳಲಿ ಅನ್ನುವುದು ಅವರ ಚಿಂತೆ, ನ್ಯಾಯವೇ ಅಲ್ವಾ? ಹಾಗಾಗಿ ಮೊದಲ ಆರು ತಿಂಗಳ ಕರಾರಿಗೆ ನೆರವು ಸಂಸ್ಥೆಯೇ ಸಹಿ ಹಾಕಿ, ಆಮೇಲೆ ಕುಟುಂಬದ ಹೆಸರಿಗೆ ಬದಲಾಯಿಸುವುದು ಒಳ್ಳೆಯದು. ಜೊತೆಗೆ, ಕರೆ ಮಾಡಿದರೆ ಎತ್ತುವ ಒಂದು ಫೋನ್ ನಂಬರು ಕೊಡಬೇಕು.

ಇನ್ನು ಕೆಲಸ. 1951ರ ನಿರಾಶ್ರಿತರ ಒಪ್ಪಂದದ 17ನೇ ವಿಧಿ ಸಂಬಳದ ಕೆಲಸ ಮಾಡುವ ಹಕ್ಕಿನ ಬಗ್ಗೆ ಹೇಳುತ್ತದೆ. ಆದರೆ ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಹಾಕಿದವರಲ್ಲೂ ಕೆಲವರು ಷರತ್ತು ಇಟ್ಟಿದ್ದಾರೆ. ಆಯಾ ದೇಶದ ಕೆಲಸದ ಪರವಾನಗಿ ನಿಯಮ ನೋಡದೆ ಯಾರನ್ನೂ ಸಂದರ್ಶನಕ್ಕೆ ಕಳಿಸಬೇಡಿ. ಸರ್ಟಿಫಿಕೇಟ್ ಕಳೆದುಹೋಗಿದ್ದರೆ ಕೈ ಚೆಲ್ಲಬೇಕಿಲ್ಲ. ಕಾಗದವಿಲ್ಲದ ನಿರಾಶ್ರಿತರ ವಿದ್ಯಾರ್ಹತೆಯನ್ನೂ ಅಳೆಯಲು ದಾರಿ ಮಾಡಿಕೊಡಿ ಎಂದು ವಿದ್ಯಾರ್ಹತೆಗಳ ಮಾನ್ಯತೆಗೆ ಸಂಬಂಧಿಸಿದ 1997ರ ಲಿಸ್ಬನ್ ಒಪ್ಪಂದ, ತನಗೆ ಸಹಿ ಹಾಕಿದ ದೇಶಗಳಿಗೆ ಹೇಳುತ್ತದೆ. ಕೈಕಸುಬಿನವರಿಗೆ ಇನ್ನೂ ಸುಲಭ. ಒಬ್ಬ ಎಲೆಕ್ಟ್ರಿಷಿಯನ್‌ಗೆ ವರ್ಕ್‌ಶಾಪಿನಲ್ಲಿ ಒಂದು ಬೋರ್ಡ್ ಕೊಟ್ಟು ವೈರಿಂಗ್ ಮಾಡಿ ಅಂದೆವು. ಅರ್ಧ ಗಂಟೆಯಲ್ಲಿ ಮೇಸ್ತ್ರಿಯೇ ‘ನಾಳೆಯಿಂದ ಬನ್ನಿ’ ಅಂದರು.

ಕೀಲಿ ಕೊಟ್ಟು ಫೋಟೋ ತೆಗೆದ ಮೇಲೆ ನೆರವು ಕೆಲಸದ ನಮ್ಮವರು ಆ ಮನೆ ಕಡೆ ತಲೆ ಹಾಕುವುದು ಕಡಿಮೆ. ನಾನೂ ಆ ತಪ್ಪು ಮಾಡಿದ್ದೇನೆ. ಎರಡು ತಿಂಗಳ ನಂತರ ಒಂದು ಮನೆಗೆ ಹೋದರೆ ಕತ್ತಲೆ. ಕರೆಂಟ್ ಬಿಲ್ಲಿನ ಲಕೋಟೆಗಳು ಬಿಚ್ಚದೆ ಹಾಗೇ ಕಿಟಕಿ ಮೇಲಿದ್ದವು. ಅದು ಬಿಲ್ಲು ಅಂತಲೇ ಆ ತಾಯಿಗೆ ಯಾರೂ ಹೇಳಿರಲಿಲ್ಲ.