ವಾಲಿದ ಸಮಾಧಿ ಕಲ್ಲುಗಳ ಲೆಕ್ಕ ಮೊಬೈಲಿನಲ್ಲಿ ಇಡುವುದು ಹೇಗೆ?

ಪ್ರಶ್ನೆ: ನಮ್ಮದು ದಾವಣಗೆರೆ ಹತ್ತಿರದ ಎರೆಭೂಮಿಯ ಹಳ್ಳಿ. ರುದ್ರಭೂಮಿಯಲ್ಲಿ 300ರಷ್ಟು ಸಮಾಧಿ ಕಲ್ಲುಗಳಿವೆ, ಕೆಲವು ವಾಲಿವೆ. ಹೋದ ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದು ಈಗ ಯಾವ ಕಲ್ಲಿನದೆಂದೇ ತಿಳಿಯುತ್ತಿಲ್ಲ. ಮೊಬೈಲಿನಲ್ಲಿ ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಮೊದಲು ಬೇಕಾದ್ದು ಮೊಬೈಲಲ್ಲ, ಬಣ್ಣದ ಡಬ್ಬಿ. ಫೋನಿನ ಜಿಪಿಎಸ್ ಬಯಲಿನಲ್ಲೂ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ಅಷ್ಟರೊಳಗೆ ಮೂರ್ನಾಲ್ಕು ಸಮಾಧಿಗಳಿರುತ್ತವೆ. ನಕ್ಷೆಯ ಚುಕ್ಕೆ ನಂಬಿದರೆ ಪಕ್ಕದ ಮನೆಯವರ ಕಲ್ಲಿಗೆ ಕೈ ಹಾಕುತ್ತೀರಿ. ಗೇಟಿನ ಕಡೆಯಿಂದ ಸಾಲುಗಳಿಗೆ ಅ, ಆ, ಇ ಎಂದು ಗುರುತಿಟ್ಟು, ಒಂದೊಂದು ಸಮಾಧಿಗೂ ‘ಇ 14’ ತರಹದ ಸಂಖ್ಯೆ ಕೊಡಿ. ಮನೆಯವರನ್ನು ಕೇಳಿ, ಕಟ್ಟೆಯ ಹಿಂಬದಿಯ ಮೂಲೆಯಲ್ಲಿ ಸಣ್ಣದಾಗಿ ಬರೆಯಿರಿ. ಕ್ಯೂಆರ್ ಸ್ಟಿಕ್ಕರ್ ಗೋಜು ಬೇಡ, ನಮ್ಮ ಬಿಸಿಲಿಗೆ ಅದು ಬೇಗ ಬಣ್ಣಗೆಟ್ಟು ಏಳುತ್ತದೆ.

ಆ್ಯಪ್‌ಗೆ ಆಂಡ್ರಾಯ್ಡ್ ಫೋನಿನ ಕೋಬೊ ಕಲೆಕ್ಟ್ (KoboCollect, ನಾವೇ ಮಾಡಿಕೊಂಡ ಪ್ರಶ್ನಾಪಟ್ಟಿ ತುಂಬುವ ಆ್ಯಪ್) ಸಾಕು. ಪ್ರಶ್ನೆಗಳನ್ನು ಕನ್ನಡದಲ್ಲೇ ಇಡಬಹುದು, ನೆಟ್‌ವರ್ಕ್ ಇಲ್ಲದೆಡೆ ತುಂಬಿ ಆಮೇಲೆ ಕಳಿಸಬಹುದು. ಸಂಖ್ಯೆ, ಎತ್ತರ, ದಪ್ಪ, ವಾಲಿದ ಡಿಗ್ರಿ, ಬಿರುಕು, ಅಲುಗಾಟ, ಮುಂದಿನಿಂದೊಂದು ಪಕ್ಕದಿಂದೊಂದು ಫೋಟೊ: ಇಷ್ಟೇ ಕಲಂ ಇರಲಿ. ‘ಸ್ವಲ್ಪ ವಾಲಿದೆ’ ಎಂದು ಬರೆಯಲು ಜಾಗ ಕೊಡಬೇಡಿ; ಒಬ್ಬರ ‘ಸ್ವಲ್ಪ’ ಇನ್ನೊಬ್ಬರಿಗೆ ‘ಬಹಳ’. ಡಿಗ್ರಿಯನ್ನೇ ಕೇಳಿ.

ಡಿಗ್ರಿ ನೋಡಲು ಫೋನಿನ ಕವರ್ ತೆಗೆದು, ರಸಮಟ್ಟದ (ವಾಲಿಕೆ ಅಳೆಯುವ) ಆ್ಯಪ್ ತೆರೆದು, ಫೋನಿನ ಅಂಚನ್ನು ಕಲ್ಲಿನ ಬೆನ್ನಿಗೆ ಆನಿಸಿ. ಬೆನ್ನು ಉಬ್ಬುತಗ್ಗಾಗಿದ್ದರೆ ನಡುವೆ ನೇರವಾದ ಅಲ್ಯೂಮಿನಿಯಂ ಪಟ್ಟಿ ಹಿಡಿಯಿರಿ. ಬೆಳಿಗ್ಗೆ ಶುರು ಮಾಡುವ ಮೊದಲು ಸಮನಾದ ಕಟ್ಟೆಯ ಮೇಲೆ ಫೋನಿಟ್ಟು ಓದಿ, ಅಲ್ಲೇ ತಿರುಗಿಸಿಟ್ಟು ಮತ್ತೆ ಓದಿ. ಎರಡೂ ಹೊಂದದಿದ್ದರೆ ಆ್ಯಪನ್ನು ಸರಿಹೊಂದಿಸಿಕೊಳ್ಳಬೇಕು.

ಡಿಗ್ರಿಗೆ ಏಕಿಷ್ಟು ಪಟ್ಟು? 3 ಅಡಿ ಎತ್ತರ, 2 ಅಡಿ ಅಗಲ, 3 ಇಂಚು ದಪ್ಪದ ಗ್ರಾನೈಟ್ ಸುಮಾರು 115 ಕಿಲೊ ತೂಗುತ್ತದೆ. ಬುಡದಲ್ಲಿ ಹಿಡಿತವಿಲ್ಲದಿದ್ದರೆ ಅದು 5 ಡಿಗ್ರಿ ವಾಲುವ ಮೊದಲೇ ತಾನಾಗಿ ಉರುಳುತ್ತದೆ. ನೆಟ್ಟಗಿರುವಾಗಲೂ ಅದರ ತಲೆ ಹಿಡಿದು ಎಳೆದು ಉರುಳಿಸಲು 5 ಕಿಲೊ ಬಲ ಸಾಕು, ಮಗುವೊಂದು ಜೋತುಬಿದ್ದರೆ ಆಯಿತು. 5 ಡಿಗ್ರಿ ದಾಟಿಯೂ ನಿಂತಿದೆಯೆಂದರೆ ಹಳೆಯ ಸಿಮೆಂಟೋ ಮಣ್ಣೋ ಹಿಡಿದಿದೆ ಅಷ್ಟೆ. ಅಂಥದ್ದು ಕೆಂಪು ಪಟ್ಟಿಗೆ, ಎಂದರೆ ಅಪಾಯದ ಕಲ್ಲುಗಳ ಪಟ್ಟಿಗೆ.

ಅಲುಗಾಟ ಮಾತ್ರ ಫೋನಿಗೆ ಗೊತ್ತಾಗದು, ಕೈಯೇ ಬೇಕು. ಮೊದಲು ಬುಡದ ಬಿರುಕು ನೋಡಿ. ಆಮೇಲೆ ವಾಲಿದ ದಿಕ್ಕಿನಲ್ಲಿ ನಿಲ್ಲದೆ, ಪಕ್ಕದಲ್ಲಿ ನಿಂತು, ಮೇಲಂಚನ್ನು ಮೆಲ್ಲಗೆ ಒತ್ತಿ ನೋಡಿ. ಒಬ್ಬರೇ ಹೋಗಬೇಡಿ. ಅಲುಗಿದರೆ ಅಲ್ಲಿಗೇ ಕೈಬಿಟ್ಟು, ಸುತ್ತ ಹಗ್ಗ ಕಟ್ಟಿ, ಮನೆಯವರಿಗೆ ಹೇಳಿ, ನಾಲ್ಕು ಜನ ಸೇರಿ ಹೆಸರು ಮೇಲೆ ಕಾಣುವಂತೆ ಗೋಣಿಚೀಲದ ಮೇಲೆ ಮಲಗಿಸಿ.

ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹಾಗಾಗಿ ಮೇ ತಿಂಗಳಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ನೋಡಿ. ಪ್ರತಿ ಸಲದ ಡಿಗ್ರಿ ಅಕ್ಕಪಕ್ಕ ಇಟ್ಟರೆ ವಿಷಯ ಬಿಚ್ಚಿಕೊಳ್ಳುತ್ತದೆ: 1ರಿಂದ 2ಕ್ಕೆ ಹೋಗಿ ಮತ್ತೆ 1ಕ್ಕೆ ಬಂದರೆ ಮಣ್ಣಿನ ಉಸಿರಾಟ, ಪ್ರತಿ ಸಲ ಏರುತ್ತಲೇ ಹೋದರೆ ಬುಡ ಕುಸಿಯುತ್ತಿದೆ. ಹೊಸ ಸಮಾಧಿಯ ಮಣ್ಣು ಒಂದು ಮಳೆಗಾಲ ಕೂತ ಮೇಲೆಯೇ ಕಲ್ಲು ನಿಲ್ಲಿಸುವುದು ಲೇಸು. ಚಿತ್ರದುರ್ಗದ ಕಡೆಯ ಬಂಡೆ ನೆಲದಲ್ಲಿ ಈ ಕಾಟ ಕಡಿಮೆ; ಅಲ್ಲಿ ಆಳಕ್ಕೆ ಅಗೆಯಲಾಗದೆ ಬುಡ ಮೇಲುಮೇಲಾಗುವುದೇ ತೊಂದರೆ.

ಮರಳಿ ನಿಲ್ಲಿಸುವಾಗ ಬುಡದ ಎರೆಮಣ್ಣು ತೆಗೆದು ಗರಸು ತುಂಬಿ ದಮ್ಮಸು ಮಾಡಿಸಿ, ಮೇಲೆ ಕಾಂಕ್ರೀಟ್ ಹಾಕಿಸಿ. ಬರೀ ಸಿಮೆಂಟಿನಲ್ಲಿ ಅಂಟಿಸಿದ್ದು ಮತ್ತೆ ಬಿಡುತ್ತದೆ. 12 ಮಿ.ಮೀ. ದಪ್ಪ, 6 ಇಂಚು ಉದ್ದದ ಎರಡು ಸ್ಟೇನ್‌ಲೆಸ್ ಸ್ಟೀಲ್ ಸರಳು ಕೊಟ್ಟು, ಅರ್ಧ ಕಲ್ಲಿಗೆ ಅರ್ಧ ಪೀಠಕ್ಕೆ ಇಳಿಸಲು ಮೇಸ್ತ್ರಿಗೆ ಹೇಳಿ. ಬೇರೆ ಕೆಲಸದಲ್ಲಿ ಮಿಕ್ಕ ಕಬ್ಬಿಣದ ಸರಳೇ ಸಾಕೆಂದು ಅವರು ಹೇಳಿದರೆ ಒಪ್ಪಬೇಡಿ. ಅದು ತುಕ್ಕು ಹಿಡಿದು ಉಬ್ಬಿ, ಕಲ್ಲನ್ನೇ ಬುಡದಲ್ಲಿ ಸೀಳುತ್ತದೆ.