ಎನ್‌ಬಿಎ ಹೆಡ್ ಕೋಚ್ ಕೆಲಸ, ಹೆಂಗಸ್ರು: ನಂಗೆ ತೊಡಕಾಗಿದ್ದ ಒಂದು ಜಾಗ

ಅಮೆರಿಕದ ಗಂಡಸ್ರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಲಿ ಹೆಂಗಸ್ರು ಕೋಚ್ ಆಗೋ ವಿಷ್ಯ ಸೆಮಿನಾರ್‌ಗೆ ಓದ್ತಾ ಇದೀನಿ, ಮರೆಯೋ ಮುಂಚೆ ಬರೆದಿಡ್ತೀನಿ, ನಿಮ್ಗೂ ಉಪಯೋಗ ಆಗ್ಬೋದು.

ಎರಡು ದಿನ ತಲೆ ಕೆಡಿಸಿದ್ದು "ಮೊದಲ ಮಹಿಳಾ ಕೋಚ್" ಅನ್ನೋ ಮಾತು. ಒಂದೊಂದು ಕಡೆ ಒಂದೊಂದು ಹೆಸರು! 2001-02ರಲ್ಲಿ ಕ್ಲೀವ್‌ಲ್ಯಾಂಡ್ ಟೀಮ್ ಜೊತೆ ಕೆಲಸ ಮಾಡಿದ ಲೀಸಾ ಬೋಯರ್ ಸಂಬಳ ಇಲ್ದೆ ಬಂದವ್ರು. 2010-11ರಲ್ಲಿ ಟೆಕ್ಸಾಸ್ ಲೆಜೆಂಡ್ಸ್‌ಗೆ ನ್ಯಾನ್ಸಿ ಲೀಬರ್ಮನ್ ಹೆಡ್ ಕೋಚೇ, ಆದ್ರೆ ಅದು ಎನ್‌ಬಿಎ ಕೆಳಗಿನ ಡಿ-ಲೀಗ್. 2014ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ಬೆಕಿ ಹ್ಯಾಮನ್‌ನ ಸಂಬಳ ಕೊಟ್ಟು ಫುಲ್ ಟೈಮ್ ಅಸಿಸ್ಟೆಂಟ್ ಮಾಡ್ತು. 2020ರ ಡಿಸೆಂಬರ್ 30ಕ್ಕೆ ಲೇಕರ್ಸ್ ಎದುರಿನ ಮ್ಯಾಚಲ್ಲಿ ಸ್ಪರ್ಸ್ ಹೆಡ್ ಕೋಚ್ ಪೊಪೊವಿಚ್‌ನ ರೆಫ್ರಿ ಆಚೆ ಕಳ್ಸಿದ್ರು, ಅವ್ರು ಹೋಗ್ತಾ ಹ್ಯಾಮನ್ ಕಡೆ ಕೈ ತೋರ್ಸಿದ್ರು, ಉಳಿದ ಆಟ ಹ್ಯಾಮನ್ನೇ ನಡೆಸಿದ್ರು, ಸ್ಪರ್ಸ್ 107-121ಕ್ಕೆ ಸೋತ್ರು. ಅಂದ್ರೆ ಒಂದು ಮ್ಯಾಚಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಖಾಯಂ ಹೆಡ್ ಕೋಚ್ ಆಗಿ ಯಾವ ಎನ್‌ಬಿಎ ಟೀಮೂ ಹೆಂಗಸನ್ನ ನೇಮಿಸಿಲ್ಲ.

ಅದಕ್ಕೆ ನನ್ನ ಶಾರ್ಟ್‌ಕಟ್: "ಮೊದಲ" ಅಂತ ಕಂಡ್ರೆ ಯಾವ ಲೀಗು, ಯಾವ ಸೀಟು, ಎಷ್ಟು ಹೊತ್ತು ಅಂತ ಕೇಳ್ಕೊಳ್ಳಿ. ಎಲ್ಲ ಬಿಡಿಸ್ಕೊಳ್ಳುತ್ತೆ.

ಇನ್ನು ಹೆಂಗಸ್ರಿಗೆ ಹೆಡ್ ಕೋಚ್ ಕೆಲಸ ಯಾಕಿಲ್ಲ ಅಂದ್ರೆ "ಅನುಭವ ಸಾಲ್ದು" ಅನ್ನೋ ವಾದ. ಇದನ್ನ ಮೊದ್ಲು ನಾನೂ ಒಪ್ಪಿದ್ದೆ. ಆದ್ರೆ 2021ರಲ್ಲಿ ಪೋರ್ಟ್‌ಲ್ಯಾಂಡ್ ಟೀಮಿನ ಹೆಡ್ ಕೋಚ್ ಕೆಲಸಕ್ಕೆ ಕೊನೇ ಸುತ್ತಿನ ತನಕ ಹೋದ ಹ್ಯಾಮನ್ ಹತ್ರ ಏಳು ಸೀಸನ್ ಅಸಿಸ್ಟೆಂಟ್ ಅನುಭವ ಇತ್ತು, ಜೊತೆಗೆ 2015ರ ಲಾಸ್ ವೇಗಸ್ ಸಮ್ಮರ್ ಲೀಗಲ್ಲಿ (ಸೀಸನ್‌ಗೆ ಮುಂಚೆ ಹೆಚ್ಚಾಗಿ ಹೊಸ ಆಟಗಾರ್ರು ಆಡೋ ಟೂರ್ನಿ) ಸ್ಪರ್ಸ್‌ನ ಗೆಲ್ಸಿದ್ರು. ಕೆಲಸ ಸಿಕ್ಕಿದ್ದು ಒಂದೇ ಸೀಸನ್ ಅಸಿಸ್ಟೆಂಟ್ ಆಗಿದ್ದ ಚಾನ್ಸಿ ಬಿಲಪ್ಸ್‌ಗೆ. 2013ರಲ್ಲಿ ಜೇಸನ್ ಕಿಡ್ ಆಟ ಬಿಟ್ಟ ಕೂಡ್ಲೆ ನೆಟ್ಸ್‌ಗೆ ಹೆಡ್ ಕೋಚ್, 2014ರಲ್ಲಿ ಸ್ಟೀವ್ ಕರ್ ಒಂದಿನಾನೂ ಕೋಚಿಂಗ್ ಮಾಡ್ದೆ ವಾರಿಯರ್ಸ್‌ಗೆ. ಕರ್ ಗೆದ್ದೂ ತೋರ್ಸಿದ್ರು, ಅದು ಬೇರೆ ಮಾತು. ಆದ್ರೆ ಗಂಡಸ್ರಿಗೆ ಮಾಫಿ ಸಿಗೋ ಷರತ್ತನ್ನ ಹೆಂಗಸ್ರಿಗೆ ಮಾತ್ರ ಕಡ್ಡಾಯ ಮಾಡಿದ್ರೆ ಅದು ಅನುಭವದ ಪ್ರಶ್ನೆ ಹೇಗಾಗುತ್ತೆ? ನಂಗಂತೂ ಇದು ಅನ್ಯಾಯ ಅಂತಾನೇ ಕಾಣುತ್ತೆ. ಹ್ಯಾಮನ್ ಆಮೇಲೆ ಹೆಂಗಸ್ರ ಲೀಗಿನ ಲಾಸ್ ವೇಗಸ್ ಏಸಸ್‌ಗೆ ಹೋಗಿ 2022, 2023ರಲ್ಲಿ ಚಾಂಪಿಯನ್ ಮಾಡಿದ್ರು.

ಹೆಂಗಸ್ರ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಕೋಚ್ ಡಾನ್ ಸ್ಟೇಲಿ 2025ರಲ್ಲಿ ಎನ್‌ಬಿಎ ಟೀಮ್ ನಿಕ್ಸ್‌ನ ಹೆಡ್ ಕೋಚ್ ಇಂಟರ್‌ವ್ಯೂಗೆ ಹೋಗಿದ್ರು, ಕೆಲಸ ಮೈಕ್ ಬ್ರೌನ್‌ಗೆ ಹೋಯ್ತು. ಲಿಂಡ್ಸೆ ಹಾರ್ಡಿಂಗ್‌ನ ಮರೀಬೇಡಿ: ಡಿ-ಲೀಗಿನ ಈಗಿನ ಹೆಸ್ರು ಜಿ-ಲೀಗ್, ಅದ್ರಲ್ಲಿ ಸ್ಟಾಕ್‌ಟನ್ ಕಿಂಗ್ಸ್‌ಗೆ ಹೆಡ್ ಕೋಚ್ ಆಗಿ 2024ರಲ್ಲಿ ವರ್ಷದ ಕೋಚ್ ಪ್ರಶಸ್ತಿ ತಗೊಂಡ್ರು, ಅದಾದ್ಮೇಲೆ ಎನ್‌ಬಿಎಗೆ ಮತ್ತೆ ಬಂದಿದ್ದು ಲೇಕರ್ಸ್ ಅಸಿಸ್ಟೆಂಟ್ ಆಗಿ.