ಟ್ರೆಕ್ಕಿಂಗ್ ಮುಗಿಸಿ ಶೂ ಬಿಚ್ಚಿದ ಮೇಲೆ ಕಾಲಿಗೆ ಏನು ಹಾಕಬೇಕು?

ಗೋಕಾಕದಿಂದ ಒಬ್ಬರು ಕೇಳಿದ್ದಾರೆ: "ಮಳೆಗಾಲ ಮುಗಿದ ಮ್ಯಾಲೆ ನಾವು ಗೆಳೆಯರೆಲ್ಲ ಜಾಂಬೋಟಿ, ಕಣಕುಂಬಿ ಕಡೆ ಟ್ರೆಕ್ಕಿಂಗ್ ಹೋಗ್ತೀವಿ. ಸಂಜಿಗೆ ಕ್ಯಾಂಪಿಗೆ ಬಂದು ಶೂ ಬಿಚ್ಚಿದ್ರ ಅಂಗಾಲು ಉರೀತಾವ, ಬೆರಳು ಬಾತಿರ್ತಾವ. ಅಲ್ಲಿ ಹಾಕ್ಕೊಳ್ಳಾಕ ಹವಾಯಿ ಚಪ್ಪಲಿ ಸಾಕೋ, ಈಗ ರಿಕವರಿ ಸ್ಲಿಪ್ಪರ್ ಅಂತ ಮಾರ್ತಾರಲ್ಲ, ಅದನ್ನ ತಗೋಬೇಕೋ? ಮನ್ಯಾಗ ಅಥಣಿ ಚಪ್ಪಲಿನೂ ಅದಾವ."

ಮೊದಲು ಉತ್ತರ ಹೇಳಿಬಿಡುತ್ತೇನೆ. ಹವಾಯಿ ಸ್ನಾನಕ್ಕೆ ಸಾಕು, ಇಡೀ ಸಂಜೆಗೆ ಸಾಲದು. ಅಥಣಿ ಚಪ್ಪಲಿ ಮನೆಗೆ ಬಂದ ಮೇಲೆ. ಕ್ಯಾಂಪಿಗೆ ಒಯ್ಯುವುದಾದರೆ ಮುಂದೆ ಮುಚ್ಚಿದ, ಹಿಂದೆ ಪಟ್ಟಿ ಇರುವ, ಅಗಲವಾದ ಫೋಮಿನ ಕ್ಲಾಗ್ ತಗೊಳ್ಳಿ. ಯಾವ ಕಂಪನಿ ಮಾಡಿದ್ದರೂ ಎಲ್ಲರೂ ಕ್ರಾಕ್ಸ್ ಅಂತಲೇ ಕರೆಯುತ್ತಾರಲ್ಲ, ಆ ತೂತು ತೂತಿನದು. ಆ ಹೊತ್ತಿನಲ್ಲಿ ನಿಮ್ಮ ಪಾದ ಕೇಳುವುದು ಮೆತ್ತನೆಯ ಹಾಸಿಗೆಯನ್ನಲ್ಲ, ಜಾಗವನ್ನು. ಅಂಗಡಿಯಲ್ಲಿ ನಾವು ಮೆತ್ತಗಿದೆಯಾ ಅಂತ ಒತ್ತಿ ನೋಡಿ ಮರುಳಾಗುತ್ತೇವೆ. ಅಗಲ ಇದೆಯಾ ಅಂತ ನೋಡುವವರು ಕಡಿಮೆ.

ಜಾಗ ಯಾಕೆ ಬೇಕು? ನಾಲ್ಕೈದು ತಾಸು ನಡೆದರೆ ಕಾಲಿಗೆ ರಕ್ತ ಜಾಸ್ತಿ ಹರಿಯುತ್ತದೆ. ಅದರಲ್ಲಿನ ನೀರಿನಂಶ ಸ್ವಲ್ಪ ಸ್ವಲ್ಪವೇ ಸುತ್ತಲಿನ ಮಾಂಸಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಬೆಳಗ್ಗೆ ಶೂ ಒಳಗೆ ಹೋದ ಪಾದಕ್ಕಿಂತ ಸಂಜೆ ಹೊರಗೆ ಬರುವ ಪಾದ ದೊಡ್ಡದು. ಅದರ ಮೇಲೆ ಬೆವರು. ದಿನವಿಡೀ ಒದ್ದೆ ಸಾಕ್ಸಿನಲ್ಲಿ ನೆನೆದ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿರುತ್ತದೆ. ಅಂಥ ಚರ್ಮಕ್ಕೆ ಒಂದು ಸಣ್ಣ ಪಟ್ಟಿ ಉಜ್ಜಿದರೂ ಗುಳ್ಳೆ ಏಳುತ್ತದೆ. ಬಿಗಿಯಾದದ್ದು, ಗಾಳಿ ಆಡದ್ದು ಏನನ್ನು ಹಾಕಿದರೂ ಶೂ ಬಿಚ್ಚಿದ್ದು ಸುಮ್ನೆ ದಂಡ.

ಇನ್ನು ಹವಾಯಿ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಹಗುರ, ಅಗ್ಗ, ಒದ್ದೆಯಾದರೂ ಚಿಂತೆಯಿಲ್ಲ. ಆದರೆ ಅದು ಕಾಲನ್ನು ಹಿಡಿಯುವುದಿಲ್ಲ, ಕಾಲೇ ಅದನ್ನು ಹಿಡಿಯಬೇಕು. ಪ್ರತಿ ಹೆಜ್ಜೆಗೂ ಬೆರಳು ಮಡಚಿ ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತೇವೆ, ಇಲ್ಲದಿದ್ದರೆ ಅದು ಹಾರಿಹೋಗುತ್ತದೆ. ದಿನವೆಲ್ಲ ದುಡಿದ ಬೆರಳಿಗೆ ಸಂಜೆಗೂ ಕೂಲಿ ಹಚ್ಚಿದಂತೆ. ಜೊತೆಗೆ ಬೆರಳ ಸಂದಿಯ ಪಟ್ಟಿ ನೆನೆದ ಚರ್ಮವನ್ನೇ ಕೊರೆಯುತ್ತದೆ. ಡಿಸೆಂಬರ್ ಚಳಿಯಲ್ಲಿ ಸಾಕ್ಸ್ ಹಾಕಿಕೊಂಡು ಅದನ್ನು ತೊಡಲೂ ಆಗುವುದಿಲ್ಲ.

ರಿಕವರಿ ಅಂತ ಮಾರುವ ಚಪ್ಪಲಿಗಳು ಏನು ಮಾಡುತ್ತವೆ ಅನ್ನುವುದು ತಿಳಿಯಬೇಕಾದರೆ ಈಗಲೇ ಒಂದು ಕೆಲಸ ಮಾಡಿ. ಬರಿಗಾಲಲ್ಲಿ ಕೂತು ಒಂದು ಕಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಎಡಗೈಯಿಂದ ಹೆಬ್ಬೆರಳನ್ನು ಮೇಲಕ್ಕೆ ಬಾಗಿಸಿ, ಬಲಗೈ ಬೆರಳಿಂದ ಅಂಗಾಲಿನ ನಡುವೆ ಒತ್ತಿ ನೋಡಿ. ಚರ್ಮದ ಕೆಳಗೆ ಒಂದು ಹುರಿ ಬಿಗಿಯಾಗಿ ನಿಲ್ಲುತ್ತದೆ. ಹೆಬ್ಬೆರಳು ಬಿಟ್ಟರೆ ಸಡಿಲ. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಹೋಗುವ ಈ ಪಟ್ಟಿಗೆ ಪ್ಲಾಂಟರ್ ಫೇಶಿಯಾ ಅಂತ ಹೆಸರು. ನಡೆಯುವಾಗ ಹಿಮ್ಮಡಿ ಎದ್ದು ಬೆರಳು ಬಾಗಿದಾಗಲೆಲ್ಲ ಅದು ಹೀಗೇ ಬಿಗಿಯುತ್ತದೆ. ದಿನಕ್ಕೆ ಸಾವಿರಾರು ಸಲ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಚುಚ್ಚುವ ನೋವು ಬರುತ್ತದಲ್ಲ, ಅದರ ಮೂಲ ಬಹಳ ಸಲ ಇಲ್ಲೇ ಇರುತ್ತದೆ.

ಊಫೋಸ್, ಹೋಕಾದಂಥ ಕಂಪನಿಗಳ ರಿಕವರಿ ಚಪ್ಪಲಿಯ ಅಡಿ ದಪ್ಪಗಿರುತ್ತದೆ, ಮುಂದಿನ ತುದಿ ಮೇಲಕ್ಕೆ ಬಾಗಿರುತ್ತದೆ. ಹೆಜ್ಜೆ ಉರುಳಿಕೊಂಡು ಹೋಗುತ್ತದೆ, ಬೆರಳು ಅಷ್ಟಾಗಿ ಬಾಗಬೇಕಿಲ್ಲ. ಆ ಹುರಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಇಷ್ಟು ನಿಜ. ಆದರೆ ಡಬ್ಬಿ ಮೇಲಿನ ರಿಕವರಿ ಅನ್ನುವ ಮಾತಿಗೆ ಪೂರಾ ಮರುಳಾಗಬೇಡಿ. ಗುಡ್ಡ ಇಳಿದ ಮರುದಿನ ತೊಡೆ, ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಇಳಿಯಲೂ ಆಗುವುದಿಲ್ಲವಲ್ಲ, ಅದಕ್ಕೆ ಯಾವ ಚಪ್ಪಲಿಯೂ ಮದ್ದಲ್ಲ. ಇಳಿಜಾರಿನಲ್ಲಿ ಸ್ನಾಯು ಎಳೆಸಿಕೊಳ್ಳುತ್ತಲೇ ಮೈಭಾರ ತಡೆಯುತ್ತದೆ, ಅದರಿಂದ ಬರುವ ನೋವು ಅದು. ಒಂದೆರಡು ದಿನಕ್ಕೆ ಏರಿ ತಾನಾಗಿಯೇ ಇಳಿಯುತ್ತದೆ. ಚಪ್ಪಲಿ ನೋಡಿಕೊಳ್ಳುವುದು ಪಾದವನ್ನು ಮಾತ್ರ. ಅದಕ್ಕೆ ಸಾವಿರಾರು ರೂಪಾಯಿ ಕೊಡಲೇಬೇಕಾ? ಮೊದಲಿಂದಲೂ ಹಿಮ್ಮಡಿ ನೋವಿದ್ದವರು ಕೊಟ್ಟರೆ ಅರ್ಥವಿದೆ. ಉಳಿದವರಿಗೆ ಕೆಲವು ನೂರರ ಕ್ಲಾಗ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಜಾತಿ ಇದೆ, ಯಾರೂ ಹೆಸರೆತ್ತುವುದಿಲ್ಲ: ಎಂಸಿಆರ್, ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರಿನ ಚಪ್ಪಲಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಗಾಯ ಆಗದಿರಲಿ ಅಂತ ಕುಷ್ಠ ರೋಗಿಗಳಿಗೆ, ಆಮೇಲೆ ಸಕ್ಕರೆ ಕಾಯಿಲೆಯವರಿಗೆ ಕೊಡುತ್ತ ಬಂದದ್ದು. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆ ರಬ್ಬರು, ಕೆಳಗೆ ಗಟ್ಟಿ ಅಡಿ, ಬಹಳಷ್ಟಕ್ಕೆ ಹಿಂದೆ ಪಟ್ಟಿ. ನೋಡಲು ಆಸ್ಪತ್ರೆ ವಾಸನೆ, ತೂಕವೂ ಜಾಸ್ತಿ. ಆದರೆ ಟ್ರೆಕ್ ಮುಗಿಸಿ ಮನೆಗೆ ಬಂದ ಮೇಲೆ ಒಂದೆರಡು ದಿನ ಹಾಕಿ ಅಡ್ಡಾಡಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಮನೆಯಲ್ಲಿ ಅಪ್ಪನದೋ ಅಜ್ಜಿಯದೋ ಇದ್ದರೆ ಒಮ್ಮೆ ಹಾಕಿ ನೋಡಿ.

ಅಥಣಿ ಚಪ್ಪಲಿಗೆ ಬರೋಣ. ಹೊರಗಿನವರು ಕೊಲ್ಹಾಪುರಿ ಅನ್ನುವುದನ್ನು ನಮ್ಮ ಅಥಣಿ, ನಿಪ್ಪಾಣಿ ಕಡೆಯೂ ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. ಅದರ ಜಿಐ ಟ್ಯಾಗಿನಲ್ಲಿ, ಅಂದರೆ ಇದು ಇಂಥ ಪ್ರದೇಶದ ಸರಕು ಅಂತ ಸರ್ಕಾರ ಕೊಡುವ ಗುರುತಿನಲ್ಲಿ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಕೂಡ ಇವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಅದು. ಹೊಸದಿದ್ದಾಗ ಗಟ್ಟಿ, ಉಂಗುಟ ಕಚ್ಚುತ್ತದೆ. ತಿಂಗಳುಗಟ್ಟಲೆ ಹಾಕಿ ನಿಮ್ಮ ಕಾಲಿನ ಅಚ್ಚು ಮೂಡಿದ ಮೇಲೆ ಅದರಷ್ಟು ಹಿತ ಬೇರೆ ಇಲ್ಲ, ಗಾಳಿಯೂ ಆಡುತ್ತದೆ. ಆದರೆ ಕಣಕುಂಬಿಯ ತೇವಕ್ಕೆ ಅದು ಆಗಿಬರುವುದಿಲ್ಲ. ನೆನೆದ ಚರ್ಮ ಭಾರವಾಗಿ, ಹಿಗ್ಗಿ, ಒಣಗಿದಾಗ ಸೆಟೆದುಕೊಳ್ಳುತ್ತದೆ. ಪಾಚಿಗಟ್ಟಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ನುಣುಪಾದ ಅಡಿ ಜಾರುತ್ತದೆ. ಹಳೇದಿದ್ದರೆ ಮನೆ ಬಾಗಿಲಲ್ಲಿ ನಿಮಗಾಗಿ ಕಾಯುತ್ತಿರಲಿ. ಹೊಸದನ್ನು ಮಾತ್ರ ಬಾತ ಕಾಲಿಗೆ ಪಳಗಿಸಲು ಹೋಗಬೇಡಿ.

ಕ್ಲಾಗ್ ಕೊಳ್ಳಲು ಬೆಳಗಾವಿಯ ಖಡೇ ಬಜಾರಿಗೋ ಗಣಪತಿ ಗಲ್ಲಿಗೋ ಹೋಗುವಾಗ ಸಂಜೆ ಹೋಗಿ, ಬೆಳಗ್ಗೆ ಬೇಡ. ಸಾಕ್ಸ್ ಜೇಬಿನಲ್ಲಿರಲಿ, ಹಾಕಿಕೊಂಡೇ ನೋಡಿ. ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು, ಕಿರುಬೆರಳ ಪಕ್ಕ ಎಲ್ಲೂ ಒತ್ತಬಾರದು. ಆಮೇಲೆ ಹಿಮ್ಮಡಿ ಕೂರುವ ಜಾಗವನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ ಬಿಡಿ. ತಗ್ಗು ಕೂಡಲೇ ಮೇಲೆ ಬಂದರೆ ಸರಿ. ಬೆರಳು ತಳ ಮುಟ್ಟುವಷ್ಟು ಇಳಿದರೆ ಇಟ್ಟುಬಿಡಿ. ಅಂಗಡಿಯ ಟೈಲ್ಸ್ ಮೇಲೆ ಅದು ಹತ್ತಿಯಂತೆ ಅನಿಸುತ್ತದೆ, ಕಲ್ಲುನೆಲದಲ್ಲಿ ಮಾತ್ರ ಕಾಲು ಆಚೀಚೆ ವಾಲುತ್ತದೆ. ದಣಿದ ಕಣಕಾಲು ಉಳುಕುವುದೇ ಆಗ. ಕೊನೆಗೆ ಎರಡೂ ತುದಿ ಹಿಡಿದು ಬಗ್ಗಿಸಿ. ಬೆರಳ ಬುಡದಲ್ಲಿ ಬಾಗಬೇಕು, ನಟ್ಟನಡುವೆ ಮಡಚಿಕೊಂಡರೆ ಬೇಡ. ತೂಕ ಜೋಡಿಗೆ 400 ಗ್ರಾಂ ಒಳಗಿದ್ದರೆ ಬ್ಯಾಗಿನ ಹೊರಗೆ ನೇತುಹಾಕಿದ್ದೂ ಗೊತ್ತಾಗುವುದಿಲ್ಲ.

ಮುಂದೆ ಮುಚ್ಚಿರಲಿ ಅಂದದ್ದು ರಾತ್ರಿಗಾಗಿ. ಕತ್ತಲಲ್ಲಿ ಟೆಂಟಿನ ಗೂಟ, ಬೇರು, ಒಲೆಯ ಕಲ್ಲು ಎಲ್ಲವೂ ಬೆರಳಿಗೇ ಬಡಿಯುತ್ತವೆ. ಭೀಮಗಡದ ಸುತ್ತಿನ ಕಾಡಿನಲ್ಲಿ ಹಾವು, ಚೇಳು ಇದ್ದೇ ಇರುತ್ತವೆ. ಫೋಮು ಕಡಿತವನ್ನು ತಡೆಯುತ್ತದೆ ಅಂದುಕೊಳ್ಳಬೇಡಿ, ಟಾರ್ಚ್ ಬಿಟ್ಟು ಹೊರಗೆ ಕಾಲಿಡಬೇಡಿ. ಬೆಳಗ್ಗೆ ಶೂ ಆಗಲಿ ಕ್ಲಾಗ್ ಆಗಲಿ, ತಲೆಕೆಳಗು ಮಾಡಿ ಕೊಡವಿಯೇ ಹಾಕಿ. ಮಳೆ ಇನ್ನೂ ಪೂರ್ತಿ ನಿಲ್ಲದಿದ್ದರೆ ಜಿಗಣೆ ಆ ತೂತುಗಳಿಂದಲೇ ಒಳಗೆ ಬರುತ್ತದೆ, ಒಣ ಸಾಕ್ಸ್ ಹಾಕಿಕೊಳ್ಳಿ.

ಬಾದಾಮಿ, ಐಹೊಳೆ ಕಡೆ ಹೋಗುವವರಿಗೆ ಲೆಕ್ಕ ಬೇರೆ. ಅಲ್ಲಿ ತೇವದ ಕಾಟವಿಲ್ಲ, ಮುಳ್ಳಿನದು. ಜಾಲಿ ಮುಳ್ಳು ಈ ಫೋಮಿನ ಅಡಿಯನ್ನು ಸಲೀಸಾಗಿ ದಾಟಿ ಅಂಗಾಲಿಗೇ ನಾಟುತ್ತದೆ. ತುದಿ ಮುರಿದು ಫೋಮಿನಲ್ಲೇ ಉಳಿದರೆ ಕಣ್ಣಿಗೆ ಕಾಣುವುದಿಲ್ಲ, ಭಾರ ಬಿದ್ದಾಗಲೆಲ್ಲ ಚುಚ್ಚುತ್ತದೆ. ಆ ಕಡೆ ಫೋಮು ಕೋಣೆಯ ಒಳಗೆ ಮತ್ತು ಗುಡಿಸಿದ ಅಂಗಳದಲ್ಲಿ ಮಾತ್ರ. ಹೊರಗಡೆ ಗಟ್ಟಿ ರಬ್ಬರಿನ ಅಡಿ ಇರುವ, ಪಟ್ಟಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾದ ಸ್ಯಾಂಡಲ್ ಒಳ್ಳೆಯದು. ಬಾತ ಕಾಲಿಗೆ ಪಟ್ಟಿ ಸಡಿಲ ಮಾಡಿದರೆ ಆಯಿತು. ಯುಗಾದಿ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಿಗೂ ಇದನ್ನೇ ಹೇಳುತ್ತೇನೆ. ದಾರಿಯಲ್ಲಿ ಸೇವೆ ಮಾಡುವವರು ಬಿಸಿನೀರು ಹಾಕಿ, ಕಾಲು ತಿಕ್ಕಿ ಕಳಿಸುತ್ತಾರೆ. ಆಮೇಲೆ ಕಾಲನ್ನು ಒರೆಸಿ ಒಣಗಿಸದೆ ಹಾಗೇ ಚಪ್ಪಲಿಗೆ ತುರುಕಿದರೆ ಗುಳ್ಳೆ ಮತ್ತೆ ಹಾಜರ್.

ಒಣಗಿಸುವುದು ಅಂದರೆ ಬೆರಳ ಸಂದಿಯನ್ನೂ ಸೇರಿಸಿ. ಶೂ ಬಿಚ್ಚಿದ ಮೇಲೆ ಕಾಲು ತೊಳೆದು, ಒರೆಸಿ, ಸ್ವಲ್ಪ ಹೊತ್ತು ಚಪ್ಪಲಿಯನ್ನೂ ಹಾಕದೆ ಬ್ಯಾಗಿನ ಮೇಲೆ ಕಾಲಿಟ್ಟು ಮಲಗಿ. ಬಾವು ಇಳಿಯುತ್ತದೆ. ಒಂದೇ ಕಾಲು ಬಾತಿದ್ದರೆ, ಅಥವಾ ಬಾವು ಎರಡು ದಿನವಾದರೂ ಇಳಿಯದಿದ್ದರೆ ಚಪ್ಪಲಿ ಬದಲಿಸುವುದು ಬಿಟ್ಟು ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು ತೂತಿನ ಕ್ಲಾಗನ್ನು ಬರಿಗಾಲಿಗೆ ಹಾಕಲೇಬಾರದು. ಒಳಗೆ ಸೇರಿದ ಹರಳು ಚುಚ್ಚಿದರೂ ಗೊತ್ತಾಗದೆ ಹೋಗಬಹುದು.

ಕ್ಲಾಗನ್ನು ತೊಳೆದರೆ ನೆರಳಿನಲ್ಲಿ ಒಣಗಿಸಿ. ಈ ಫೋಮು ಬಿಸಿಗೆ ಕುಗ್ಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿದ ಕಾರಿನೊಳಗೆ ಬಿಟ್ಟರೆ ಒಂಬತ್ತರ ಸೈಜು ಎಂಟಕ್ಕೆ ಇಳಿದಿರಬಹುದು. ಮತ್ತೆ ತಾನಾಗಿ ಹಿಗ್ಗುವುದಿಲ್ಲ.